ಹೀಗೆ ಬರೆಯಬೇಡಿ

ಮೊದಲು ಅವರ ಮುಖ ಕೆಂಪಾಗಬೇಕು. ಆಮೇಲೆ ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸಿಕೊಳ್ಳಬೇಕು. ಸಭೆಯ ಕಡೆ ನೋಡಲಾಗದೆ ನೀರಿನ ಲೋಟಕ್ಕೆ ಕೈ ಚಾಚಬೇಕು. ಲೋಟ ಖಾಲಿಯಾಗಿರಬೇಕು.

ಲೋಟಕ್ಕೆ ನೀರು ತುಂಬಿಸುವುದೂ ಬಿಡುವುದೂ ತನ್ನ ಕೈಯಲ್ಲೇ ಇದೆ ಎಂಬುದು ಹೊಳೆದು ಜಯಸಿಂಹನಿಗೆ ಬಸ್ಸಿನಲ್ಲೇ ನಗು ಬಂತು. ಪಕ್ಕದಲ್ಲಿ ಕೂತವನು ಫೋನಿನಿಂದ ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದ. ಯಲಹಂಕದಿಂದ ಸಲೀಸಾಗಿ ಬಂದಿದ್ದ ಬಸ್ಸು ಹೆಬ್ಬಾಳದಲ್ಲಿ ಎಂದಿನಂತೆ ನಿಂತುಬಿಟ್ಟಿತ್ತು. ಭಾನುವಾರವೂ ಈ ರಸ್ತೆಗೆ ರಜೆಯಿಲ್ಲ. ಅವನಿಗೆ ಅವಸರವಿರಲಿಲ್ಲ. ಇಷ್ಟು ವರ್ಷ ಕಾದವನಿಗೆ ಒಂದು ಸಿಗ್ನಲ್ಲು ಹೆಚ್ಚಲ್ಲ.

ಹೊರಡುವಾಗ ಗೋದಾ ಬಾಗಿಲ ಬಳಿ ತಡೆದಿದ್ದಳು.

"ತಿಂಡಿ ತಿಂದು ಹೋಗಿ. ಹಸಿದ ಹೊಟ್ಟೇಲಿ ಸೇಡು ತೀರಿಸ್ಕೊಳ್ಳೋಕಾಗಲ್ಲ."

"ಸೇಡು ಅಂತ ಯಾರಂದ್ರು?"

"ಶರ್ಟು ಇಸ್ತ್ರಿ ಮಾಡ್ಸಿದ್ದೀರಲ್ಲ, ಅದೇ ಹೇಳ್ತಿದೆ." ಅವಳು ತಟ್ಟೆ ಮುಂದಿಟ್ಟಳು. "ಮದುವೆಯಾದಾಗಿಂದ ನೋಡ್ತಿದ್ದೀನಿ, ಆ ಟಬ್ಬನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಿದ್ದೀರಿ. ಇವತ್ತಾದ್ರೂ ಇಳಿಸಿ ಬನ್ನಿ."

ಹೆಂಡತಿಗೊಬ್ಬಳಿಗೆ ಗೊತ್ತಿತ್ತು. ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಟಬ್ಬಿನ ವಿಷಯ ಇಷ್ಟೇ. ಗುರುಚರಣ್ ಎಂಬವರು 'ಬರೆಯುವವರ ಕತ್ತರಿ' ಎಂಬ ಕೈಪಿಡಿ ಬರೆದಿದ್ದರು. ಕಥೆ ಬರೆಯಲು ಕಲಿಯಬೇಕೆನ್ನುವವರು ಪೆನ್ನು ಕೊಳ್ಳುವ ಮೊದಲು ಅದನ್ನು ಕೊಳ್ಳುತ್ತಿದ್ದರು. ವರ್ಷಕ್ಕೊಂದರಂತೆ ಹೊಸ ಆವೃತ್ತಿ. ಹೊಸದು ಬಂದ ಕೂಡಲೇ ಹಳೆಯದು ರದ್ದಿಯವನ ತಕ್ಕಡಿಗೆ. ಅದರ ಏಳನೆಯ ಅಧ್ಯಾಯದ ಹೆಸರು 'ಹೀಗೆ ಬರೆಯಬೇಡಿ'. ಅಲ್ಲಿ ಚೌಕಟ್ಟು ಹಾಕಿ, ಬರೆದವರ ಹೆಸರಿಲ್ಲದೆ, ಒಂದು ತುಣುಕನ್ನು ಅಚ್ಚು ಮಾಡಿದ್ದರು:

'ಅಮ್ಮನನ್ನು ಒಯ್ದ ಮೇಲೆ ನೋಡಿದರೆ ಬಚ್ಚಲಿನ ಟಬ್ಬಿನಲ್ಲಿ ಅವಳ ಸೀರೆ ನೆನೆದಿತ್ತು. ಬೆಳಿಗ್ಗೆ ಅವಳೇ ನೆನೆಸಿಟ್ಟದ್ದು. ಒಗೆಯಬೇಕೋ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ. ಅಪ್ಪ ನೀರು ಚೆಲ್ಲಿ ಹೊಸ ನೀರು ತುಂಬಿದರು. ಮತ್ತೆ ಚೆಲ್ಲಿ ಮತ್ತೆ ತುಂಬಿದರು. ಬಣ್ಣ ಬಿಡುತ್ತಲೇ ಇತ್ತು.'

ಅದರ ಕೆಳಗೆ ಗುರುಚರಣರ ಟಿಪ್ಪಣಿ: 'ಅಳುವ ಧೈರ್ಯವಿಲ್ಲದ ಲೇಖಕ ಟಬ್ಬು ಹುಡುಕುತ್ತಾನೆ.'

ಓದಿದವರೆಲ್ಲ ನಕ್ಕರು. ಕ್ರಮೇಣ ಅದು ಗಾದೆಯಷ್ಟೇ ಸಲೀಸಾಗಿ ಓಡಾಡತೊಡಗಿತು. ಯಾರದಾದರೂ ಕಥೆಯಲ್ಲಿ ಸಾವೋ ದುಃಖವೋ ಬಂದರೆ 'ಟಬ್ಬು ಇಟ್ಟಿದ್ದಾನೆ' ಎನ್ನುವುದು ರೂಢಿಯಾಯಿತು. ಒಮ್ಮೆ ಜಯಸಿಂಹನ ಕಾಲೇಜಿನ ಸ್ಟಾಫ್ ರೂಮಿನಲ್ಲೇ ಯಾರೋ ಈ ಮಾತು ಆಡಿದರು. ಎಲ್ಲರ ಜೊತೆ ಅವನೂ ನಕ್ಕ. ಆ ನಗು ಅವನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ಅಮ್ಮ ತೀರಿಕೊಂಡ ವರ್ಷ ಯಶವಂತಪುರದಲ್ಲಿ ಗುರುಚರಣರ ಶಿಬಿರ ನಡೆದಿತ್ತು. ಅಂದಿನ ಜಯಸಿಂಹ ಆಗಷ್ಟೇ ಎಂ.ಎ. ಮುಗಿಸಿದ್ದ. ಹಾಳೆಯೊಂದರಲ್ಲಿ ಆ ವಾಕ್ಯಗಳನ್ನು ಬರೆದು ಕೊಟ್ಟಿದ್ದ. ಆ ಶಿಬಿರದ ಮುಖ್ಯ ಆಚರಣೆ 'ಕತ್ತರಿ ಸುತ್ತು'. ಎಲ್ಲರ ಬರಹವನ್ನೂ ಹೆಸರಿಲ್ಲದೆ ಒಂದೇ ಬಗೆಯ ಅಕ್ಷರದಲ್ಲಿ ಟೈಪು ಮಾಡುತ್ತಾರೆ. ಕೈಬರಹದ ಪ್ರತಿಯನ್ನು ಬರೆದವನೇ ಹರಿದು ಹಾಕಬೇಕು, ಏಕೆಂದರೆ ಪ್ರತಿ ಇಟ್ಟುಕೊಂಡವನು ಹಳೆಯದಕ್ಕೇ ಮರಳುತ್ತಾನೆ. ಹಾಳೆ ಕೈಯಿಂದ ಕೈಗೆ ಸುತ್ತುತ್ತದೆ. ಒಬ್ಬೊಬ್ಬರೂ ತಮಗೆ ಬೇಡವೆನಿಸಿದ ಒಂದು ವಾಕ್ಯದ ಮೇಲೆ ಬೋರ್ಡಿಗೆ ಬರೆಯುವ ದಪ್ಪ ಮಾರ್ಕರಿನಿಂದ, ಮತ್ತೆ ಓದಲು ಬಾರದಂತೆ, ಕಪ್ಪು ಬಳಿಯುತ್ತಾರೆ. ಕೊನೆಯಲ್ಲಿ ಉಳಿದ ವಾಕ್ಯವೇ ನಿಮ್ಮ ಕಥೆಯ ಆರಂಭ. ಅಲ್ಲಿಯವರೆಗೆ ಬರೆದವನು ಬಾಯಿ ಬಿಡುವಂತಿಲ್ಲ.

ಜಯಸಿಂಹನ ಹಾಳೆಯಲ್ಲಿ ಏನೂ ಉಳಿಯಲಿಲ್ಲ. ಕೊನೆಯ ವಾಕ್ಯವನ್ನು ಅಳಿಸಿದ್ದು ಗುರುಚರಣರೇ. ಅವನು ಬಾಯಿ ಬಿಡಲಿಲ್ಲ. ಕಪ್ಪು ಬಳಿಯುವ ಮುಂಚೆ ಅವರು ಯಾವಾಗ ನಕಲು ಮಾಡಿಟ್ಟುಕೊಂಡಿದ್ದರೋ, ಮುಂದಿನ ವರ್ಷ ಪುಸ್ತಕದಲ್ಲಿ ಅಮ್ಮನ ಸೀರೆ ಚೌಕಟ್ಟಿನೊಳಗೆ ನೆನೆಯುತ್ತಿತ್ತು.

ಆ ಪುಸ್ತಕದ ತಪ್ಪು ಹುಡುಕಬೇಕೆಂದು ಅವನು ಅದನ್ನು ಓದಿದ, ಮತ್ತೆ ಓದಿದ, ಬಾಯಿಪಾಠ ಮಾಡಿದ. ಶತ್ರುವಿನ ಮನೆ ನೋಡಿಕೊಂಡು ಬರಲು ಹೋದವನು ಅಲ್ಲೇ ಬಾಡಿಗೆಗೆ ಇದ್ದುಬಿಟ್ಟಂತೆ, ಈಗ ಅದರ ಶಿಬಿರಗಳನ್ನು ನಡೆಸುವವನು ಅವನೇ. 'ನನಗಿಂತ ಚೆನ್ನಾಗಿ ಕತ್ತರಿಸ್ತಾನೆ' ಎಂದು ಗುರುಚರಣ್ ಎಲ್ಲ ಕಡೆ ಹೇಳುತ್ತಿದ್ದರು. ಸ್ವಂತಕ್ಕೆ ಅವನು ಮತ್ತೊಂದು ಸಾಲು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ, ವಾಕ್ಯ ಹುಟ್ಟುವ ಮೊದಲೇ ಅದನ್ನು ಅಳಿಸುವ ಕಾರಣ ಹುಟ್ಟುತ್ತಿತ್ತು.

ಹೋದ ತಿಂಗಳು ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳನ್ನು ವಿಲೇವಾರಿ ಮಾಡುತ್ತಿದ್ದರು. ಎಂದೋ ನಿಂತುಹೋದ ವಾರಪತ್ರಿಕೆಯೊಂದರಲ್ಲಿ ಒಂದು ಕಥೆ, ಕೆಳಗೆ ಗುರುಚರಣ್ ಎಂಬ ಹೆಸರು, ಜೊತೆಗೆ ದಟ್ಟ ಕೂದಲಿನ ಒಂದು ಫೋಟೋ. 'ನಾನು ಕಥೆಗಾರ ಅಲ್ಲಪ್ಪ, ಬರೀ ದರ್ಜಿ' ಎಂದು ಸಭೆಗಳಲ್ಲಿ ಹೇಳಿಕೊಳ್ಳುವ ಮನುಷ್ಯ. ಧೂಳಿಗೆ ಸೀನುತ್ತಾ ಜಯಸಿಂಹ ಮೊದಲ ಪ್ಯಾರಾ ಓದಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಆ ಪ್ಯಾರಾ ಈಗ ಅವನ ತೊಡೆಯ ಮೇಲಿನ ಫೈಲಿನಲ್ಲಿತ್ತು. ಹೆಸರಿಲ್ಲದೆ, ಶಿಬಿರದ ಅದೇ ಟೈಪಿನಲ್ಲಿ.

ಬಸ್ಸು ಅಲುಗಾಡಿತು.

ಆರ್.ಟಿ. ನಗರದ ವಾಚನಾಲಯವೊಂದರ ಮಹಡಿಯ ಹಾಲ್. ಪ್ಲಾಸ್ಟಿಕ್ ಕುರ್ಚಿಗಳನ್ನು ಗುಂಡಗೆ ಹಾಕಿದ್ದರು. ಬ್ಯಾಂಕಿನವರು, ಟೀಚರುಗಳು, ನಿವೃತ್ತರಾದ ಮೇಲೆ ಬರೆಯುವ ಆಸೆ ಹುಟ್ಟಿದವರು. ಎಲ್ಲರ ಮಡಿಲಲ್ಲೂ 'ಕತ್ತರಿ'. ಗುರುಚರಣ್ ಬರುವುದು ಮಧ್ಯಾಹ್ನ. ಬೆಳಗಿನ ಸುತ್ತು ಜಯಸಿಂಹನದು.

ಅವನ ಮನಸ್ಸು ಬೆಳಗಿನ ಸುತ್ತಿನಲ್ಲಿ ಇರಲಿಲ್ಲ. ಹಾಳೆಗಳು ಸುತ್ತಿದವು, ಬೆರಳುಗಳು ಕಪ್ಪಾದವು. ಉಳಿದ ವಾಕ್ಯಗಳನ್ನು ಅವನು ಓದಿ ಹೇಳಿದ, ಒಂದೆರಡು ಮಾತು ಸೇರಿಸಿದ. ಒಂದು ಹಾಳೆ ಮಾತ್ರ ಅವನ ಕೈಗೆ ಬಂದಾಗ ಅದರಲ್ಲಿ ಒಂದೇ ವಾಕ್ಯ ಉಳಿದಿತ್ತು: 'ಗೋಡೆಯಾಚೆಯವರ ಕೆಮ್ಮು ಕೇಳದ ದಿನ ನನಗೆ ನಿದ್ದೆ ಹತ್ತುವುದಿಲ್ಲ.'

"ಇದನ್ನ ಉಳಿಸ್ಬೇಕಾ?" ಎಂದು ಕೇಳಿದ.

ಕಿಟಕಿಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಗಿಯುತ್ತಿದ್ದಳು. ಬರೆದವರು ಯಾರೆಂದು ಅವನಿಗೆ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ ಅಂಥ ಬೆರಳುಗಳನ್ನು ಅವನು ಬೇಕಾದಷ್ಟು ನೋಡಿದ್ದ. ಹೆಸರು ದಾಕ್ಷಾಯಣಿ, ವಿಜಯಪುರದ ಕಡೆಯವಳು, ಪೀಣ್ಯದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ, ಮಾಕಳಿಯಲ್ಲಿ ರೂಮು. ಬೆಳಿಗ್ಗೆ ಪರಿಚಯ ಹೇಳಿಕೊಳ್ಳುವಾಗ ಇಷ್ಟನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ್ದಳು.

"ಕೆಮ್ಮು ಇಟ್ಟು ಅನುಕಂಪ ಕೇಳ್ತಿದೆ ಇದು," ಎಂದ ಜಯಸಿಂಹ. ಕಪ್ಪು ಬಳಿದ. ಆ ಮಾತು ಎಲ್ಲಿಂದ ಬಂತೆಂದು ಅವನಿಗೆ ಹೊಳೆಯಲೂ ಇಲ್ಲ. ಕೆಲವರು ನಕ್ಕರು. ಹಾಳೆಯನ್ನು ಫೈಲಿಗೆ ಸೇರಿಸಿ ಬಾಗಿಲ ಕಡೆ ನೋಡಿದ, ಅವರು ಬಂದರೇನೋ ಎಂದು.

ಊಟದ ಹೊತ್ತಿಗೆ ವೇದಿಕೆಯ ಮೇಜು ಒರೆಸಿ, ಹೂವಿನ ಕುಂಡ ಇಟ್ಟು, ಗಾಜಿನ ಲೋಟವನ್ನು ಅದರ ಪಕ್ಕ ಬೋರಲು ಹಾಕಿದ. ಆಮೇಲೆ ಅನುಮಾನ ಬಂದು ನೆಟ್ಟಗೆ ಇಟ್ಟ. ನೀರು ಹಾಕಲಿಲ್ಲ.

ಗುರುಚರಣ್ ಬಂದರು. ಹಿಂದೆ ಪ್ರಕಾಶನದ ಕೆಲಸ ನೋಡಿಕೊಳ್ಳುವ ಆಕರ್ಷ್, ಕೈಯಲ್ಲಿ ಅವರ ಚೀಲ. ಗುರುಚರಣರ ಕೂದಲು ಪೂರ್ತಿ ಹೋಗಿತ್ತು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದರು. ಆ ಏದುಸಿರು ಕೇಳಿ ಜಯಸಿಂಹನಿಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಏನಯ್ಯಾ, ಎಷ್ಟು ಜನರನ್ನ ಅಳಿಸಿದೆ ಬೆಳಿಗ್ಗೆಯಿಂದ?"

"ನೀವು ಕಲಿಸಿದಷ್ಟೇ ಸರ್."

ಜಯಸಿಂಹ ಫೈಲು ತೆರೆದ. "ಇವತ್ತಿನ ಕೊನೆಯ ಹಾಳೆ ಇದು. ಮೊದಲು ಪೂರ್ತಿ ಓದ್ತೀನಿ," ಎಂದು ಶುರುಮಾಡಿದ.

'ಪಡುವಣದ ಎದೆಯ ಮೇಲೆ ಸೂರ್ಯನು ರಕ್ತದ ಓಕುಳಿ ಚೆಲ್ಲಿದ್ದನು. ಹಕ್ಕಿಗಳು ಶೋಕಗೀತೆ ಹಾಡುತ್ತಾ ಗೂಡಿಗೆ ಮರಳುತ್ತಿದ್ದವು. ವಿಧಿಯ ಕರಾಳ ಹಸ್ತವು ನಮ್ಮ ಮನೆಯ ಕದ ತಟ್ಟಿತು...'

ಗುಂಪಿನಲ್ಲಿ ಕಿಸಕ್ಕೆಂದ ಸದ್ದು. ಜಯಸಿಂಹ ಪ್ರತಿ ಪದವನ್ನೂ ಚಪ್ಪರಿಸಿ ಓದಿದ. ರಕ್ತದ ಓಕುಳಿ ಎನ್ನುವಾಗ ಸ್ವಲ್ಪ ನಿಂತ. ಗುರುಚರಣ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮುಖದಲ್ಲಿ ಏನೂ ಕಾಣಲಿಲ್ಲ.

ಹಾಳೆ ಸುತ್ತತೊಡಗಿತು. ಬ್ಯಾಂಕಿನವನು ಸೂರ್ಯನನ್ನು ಅಳಿಸಿದ. ಟೀಚರೊಬ್ಬರು ಹಕ್ಕಿಗಳನ್ನು ಅಳಿಸಿ ಪಕ್ಕದವರಿಗೆ ದಾಟಿಸುವಾಗ "ಯಾರಪ್ಪಾ ಇದು, ಇನ್ನೂ ಆ ಕಾಲದಲ್ಲೇ ಇದ್ದಾರೆ" ಎಂದರು. ಎಲ್ಲರೂ ನಕ್ಕರು. ಪ್ರತಿ ನಗುವನ್ನೂ ಜಯಸಿಂಹ ಒಳಗೆ ತೆಗೆದಿಟ್ಟುಕೊಂಡ. ಇದು ಸ್ಟಾಫ್ ರೂಮಿನ ನಗುವಿಗೆ, ಇದು ಆ ಚೌಕಟ್ಟಿಗೆ.

ಗುಂಪಿನಲ್ಲಿ ಕೊನೆಗೆ ಹಾಳೆ ಸಿಕ್ಕಿದ್ದು ದಾಕ್ಷಾಯಣಿಗೆ. ಅವಳು ಬಹಳ ಹೊತ್ತು ನೋಡಿ ಒಂದು ವಾಕ್ಯ ಅಳಿಸಿದಳು, ಒಂದನ್ನು ಬಿಟ್ಟಳು. ಹಾಳೆ ಗುರುಚರಣರ ಕೈಗೆ ಬಂತು. ಅವರು ಅದನ್ನು ಗಟ್ಟಿಯಾಗಿ ಓದಿದರು.

"'ಅಣ್ಣ ತಿರುಗಿ ನೋಡಿದ್ದರೆ ನಾನು ಕೈ ಬೀಸುತ್ತಿದ್ದೆ.' ಇದನ್ನ ಯಾಕಮ್ಮ ಬಿಟ್ಟೆ?"

"ಛಲೋ ಐತ್ರಿ ಸರ."

"ಛಲೋ ಇರೋದೇ ಮೊದ್ಲು ಹೋಗ್ಬೇಕು." ಮಾರ್ಕರಿನ ಮುಚ್ಚಳ ತೆಗೆದರು. ನಿಧಾನಕ್ಕೆ ಬಳಿದರು. ಒಮ್ಮೆ ಬಳಿದದ್ದರ ಮೇಲೆ ಇನ್ನೊಮ್ಮೆ ಬಳಿದರು.

ಈಗ. ಜಯಸಿಂಹ ಎದ್ದು ನಿಂತ.

"ಸರ್, ಇದನ್ನ ಬರೆದವರು ಯಾರು ಅಂತ ಹೇಳ್ಲಾ?"

"ಹಾಗೆ ಹೇಳೋ ಪದ್ಧತಿ ಇಲ್ವಲ್ಲಯ್ಯಾ."

"ಇವತ್ತೊಂದು ದಿನ." ಅವನು ಹಳೆಯ ಪತ್ರಿಕೆಯ ಪುಟವನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ದಟ್ಟ ಕೂದಲಿನ ಫೋಟೋ, ಅದರ ಕೆಳಗೆ ಹೆಸರು. "ಇದು ಗುರುಚರಣ್ ಅವರದೇ ಕಥೆ."

ಟೀಚರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಜಯಸಿಂಹ ಆ ಮುಖವನ್ನೇ ನೋಡಿದ. ಕೆಂಪಾಗಬೇಕು. ಈಗ ಆಗುತ್ತದೆ.

ಗುರುಚರಣ್ ನಕ್ಕುಬಿಟ್ಟರು. ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಎಲ್ಲಿ ಸಿಕ್ತಯ್ಯಾ ಇದು! ನೀನು ಓಕುಳಿ ಅಂದಾಗ್ಲೇ ಗೊತ್ತಾಯ್ತು ನಂಗೆ. ರಕ್ತದ ಓಕುಳಿ ಆಡ್ತಿದ್ದಿದ್ದು ಆಗ ನಾನೊಬ್ನೇ."

"ಗೊತ್ತಿದ್ದೂ ನೀವೇ ಹೊಡೆದು ಹಾಕಿದ್ರಾ ಸರ್?" ಎಂದ ಆಕರ್ಷ್.

"ಮತ್ತೆ? ಕತ್ತರಿ ಇರೋದು ಊರವರ ಬಟ್ಟೆಗೆ ಮಾತ್ರನಾ?"

ಮೊದಲು ಬ್ಯಾಂಕಿನವನು ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ. ಟೀಚರು ಎದ್ದು ನಿಂತು ತಟ್ಟಿದರು. ಇಂಥ ದೊಡ್ಡತನವನ್ನು ಕಣ್ಣಾರೆ ಕಂಡ ಭಾಗ್ಯ ಅವರ ಮುಖದಲ್ಲಿ ಹೊಳೆಯುತ್ತಿತ್ತು. ಜಯಸಿಂಹ ಪತ್ರಿಕೆಯ ಪುಟ ಹಿಡಿದುಕೊಂಡೇ ನಿಂತಿದ್ದ. ಅದನ್ನು ಇಳಿಸಬೇಕೆಂದು ತೋಚಲು ಸ್ವಲ್ಪ ಹೊತ್ತು ಹಿಡಿಯಿತು.

ಚಪ್ಪಾಳೆ ನಿಂತ ಮೇಲೆ ಅವನು ಕೆಳದನಿಯಲ್ಲಿ ಕೇಳಿದ: "ಅಣ್ಣ ಇದ್ರಾ ಸರ್ ನಿಮಗೆ?"

"ಇದ್ದ."

"ಈಗ?"

"ಯಾಕೆ?" ಎಂದರು ಗುರುಚರಣ್. ಕನ್ನಡಕ ತೆಗೆದು ಜುಬ್ಬಾದ ತುದಿಯಿಂದ ಒರೆಸಿದರು. ಲೋಟಕ್ಕೆ ಕೈ ಚಾಚಿ, ಖಾಲಿ ಕಂಡು, ಸದ್ದಾಗದಂತೆ ಕೆಳಗಿಟ್ಟರು.

ಮುಖ ಕೆಂಪಾಗಿರಲಿಲ್ಲ ಅಷ್ಟೇ, ಬಸ್ಸಿನಲ್ಲಿ ಕಂಡ ಉಳಿದದ್ದೆಲ್ಲ ನಡೆದಿತ್ತು. ಜಯಸಿಂಹ ತನ್ನೊಳಗೆ ಸಂತೋಷಕ್ಕಾಗಿ ತಡಕಾಡಿದ. ಏನೂ ಸಿಗಲಿಲ್ಲ.

"ಒಂದು ಕೆಲಸ ಮಾಡು ಆಕರ್ಷ್," ಎಂದರು ಗುರುಚರಣ್, ಮೊದಲಿನ ದನಿಗೆ ಮರಳುತ್ತಾ. "ಹೊಸ ಆವೃತ್ತಿ ಇನ್ನೂ ಅಚ್ಚಿಗೆ ಹೋಗಿಲ್ವಲ್ಲ? ಏಳನೇ ಅಧ್ಯಾಯಕ್ಕೆ ಇದನ್ನೇ ಹಾಕು. ನನ್ನ ಹೆಸರು ಸಮೇತ. ಆ ಟಬ್ಬು ತೆಗೆದ್ಬಿಡು. ಯಾರ್ದೋ ಏನೋ ಪಾಪ, ಎಷ್ಟು ವರ್ಷ ಅಂತ ಅವನನ್ನೇ ಬೈಯೋದು."

"ಸೂಪರ್ ಸರ್." ಆಕರ್ಷ್ ಆಗಲೇ ಫೋನು ಕಿವಿಗಿಟ್ಟಿದ್ದ. "ಹಲೋ, ಡಿಟಿಪಿನಾ? ಏಳನೇ ಚಾಪ್ಟರ್ ಬಾಕ್ಸ್ ಐಟಂ ಇದೆಯಲ್ಲ, ಸೀರೆದು. ಹೂಂ, ಅದೇ. ತೆಗೆದುಬಿಡು. ಹೊಸ ಮ್ಯಾಟರ್ ಕಳಿಸ್ತೀನಿ."

ಜಯಸಿಂಹನಿಗೆ ಬೇಕಾಗಿದ್ದುದು ಇದೇ. ಆ ಚೌಕಟ್ಟು ಹೋಗಬೇಕೆಂದು ಅವನು ದೇವರಿಗೆ ಹರಕೆ ಹೊರುವುದೊಂದು ಬಾಕಿಯಿತ್ತು. ಈಗ ಫೋನಿನ ಆಚೆ ಯಾರೋ ಒಂದು ಗುಂಡಿ ಒತ್ತುತ್ತಿದ್ದಾರೆ. ಅಮ್ಮ, ಬಚ್ಚಲು, ಅಪ್ಪನ ಬಗ್ಗಿದ ಬೆನ್ನು. ಕೈಬರಹದ ಪ್ರತಿಯನ್ನು ಅವನೇ ಯಶವಂತಪುರದಲ್ಲಿ ಹರಿದಿದ್ದ. ಅವನು ಬರೆದದ್ದು ಅಚ್ಚಾಗಿ ಉಳಿದ ಜಾಗ ಲೋಕದಲ್ಲಿ ಅದೊಂದೇ. ಬೈಸಿಕೊಳ್ಳುತ್ತಾ ಆದರೂ ಅದು ಅಲ್ಲಿತ್ತು. ವರ್ಷವರ್ಷ ಹೊಸ ಕಾಗದದಲ್ಲಿ ಇತ್ತು.

ಅದು ನನ್ನದು ಸರ್. ಅಷ್ಟು ಹೇಳಿದರೆ ಸಾಕಾಗಿತ್ತು. ಅವನು ಬಾಯಿ ತೆರೆದ. ಒಂದು ವಾಕ್ಯ ಬಂತು, ಅದನ್ನು ಅಳಿಸುವ ಕಾರಣವೂ ಬಂತು.

"ಏನಯ್ಯಾ, ಏನೋ ಹೇಳೋಕೆ ಹೊರಟೆ?"

"ಏನಿಲ್ಲ ಸರ್. ಒಳ್ಳೇದಾಯ್ತು."

"ಆಯ್ತು ಸರ್, ಡಿಲೀಟ್ ಆಯ್ತು," ಎಂದ ಆಕರ್ಷ್. ಜಯಸಿಂಹ ಮೇಜಿನ ಲೋಟ ಎತ್ತಿದ. ನೀರಿರಲಿಲ್ಲ.

ಸಂಜೆ ಎಲ್ಲರೂ ಗುರುಚರಣರ ಜೊತೆ ಫೋಟೋ ತೆಗೆಸಿಕೊಂಡು ಕೆಳಗಿಳಿದರು. ಅವನು ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ. ಗೋದಾಳ ಫೋನು ಬಂತು.

"ಆಯ್ತಾ?"

"ಆಯ್ತು."

"ಟಬ್ಬು?"

"ಹೋಯ್ತು." ಮುಂದೆ ಅವಳೇನೋ ಕೇಳುವ ಮೊದಲೇ ಫೋನು ಇಟ್ಟ.

ತಿರುಗಿದರೆ ದಾಕ್ಷಾಯಣಿ ನಿಂತಿದ್ದಳು. ಹೆಗಲಿಗೆ ಚೀಲ. "ಸರ, ನನ್ನ ಹಾಳಿ ಕೊಡ್ತೀರೇನ್ರಿ?"

"ಅದರಲ್ಲಿ ಏನೂ ಉಳಿದಿಲ್ವಲ್ಲಮ್ಮ."

"ಇರ್ಲ್ರಿ. ನನ್ನದಲ್ಲೇನ್ರಿ ಅದು. ಬ್ಯಾರೆ ಪ್ರತಿ ಇಲ್ರಿ, ನೀವಽ ಹರೀ ಅಂದ್ರಿ."

ಅವನು ಫೈಲಿಗೆ ಕೈ ಹಾಕಿದ. ಅವಳು ಸುಮ್ಮನಿರಲಿಲ್ಲ.

"ಸರ, ಆ ಸೀರಿದು ಖರೇನಽ ತಗದ್ರೇನ್ರಿ ಬುಕ್ಕಿಂದ?"

"ಹೂಂ."

"ನಾ ಈ ಬುಕ್ ತಗೊಂಡಿದ್ದಽ ಅದಕ್ಕರಿ. ಯಶವಂತಪುರ ಸ್ಟೇಷನ್‌ದಾಗ ಗಾಡಿಗಿ ಕಾಯಾಕತ್ತಿದ್ದೆ, ಸುಮ್ನ ತಗದೆ, ಆ ಸೀರಿ ಇದ್ದ ಪಾನಽ ಬಂತು. ಊರಿಗಿ ಹೋಗಿ ನಮ್ಮವ್ವಗ ಓದಿ ಹೇಳ್ದೆ. ಕೆಳಗ ಬೈದಿದ್ದು ಓದ್ಲಿಲ್ರಿ, ಮ್ಯಾಲಿಂದಷ್ಟಽ." ಅವಳು ಸ್ವಲ್ಪ ನಕ್ಕಳು. "ಆಕಿ ಇನ್ನೂ ಕೇಳ್ತಾಳ್ರಿ, ಆ ಸೀರಿ ಕಡೀಕ ಏನ್ ಮಾಡಿದ್ರಂತ. ಒಗದ್ರೇನು, ಹಂಗಽ ಬಿಟ್ರೇನು. ಬರ್ದವ್ರು ಯಾರಂತ ನಿಮಗ ಗೊತ್ತೇನ್ರಿ?"

"ಇಲ್ಲ," ಎಂದ ಜಯಸಿಂಹ.

ಏನು ಮಾಡಿದರು ಆ ಸೀರೆಯನ್ನು? ಅವನು ನೆನಪಿಸಿಕೊಳ್ಳಲು ನೋಡಿದ. ಬಚ್ಚಲಿನ ದೀಪ ನೆನಪಾಯಿತು, ಅಪ್ಪನ ಒದ್ದೆ ಪಂಚೆ ನೆನಪಾಯಿತು. ಅದರ ಮುಂದೆ ಗುರುಚರಣರ ಟಿಪ್ಪಣಿ ಬಂತು, ಸ್ಟಾಫ್ ರೂಮು ಬಂತು, ನಗು ಬಂತು. ಮತ್ತೊಮ್ಮೆ ಮೊದಲಿನಿಂದ ಹೋದ. ಅದೇ ಜಾಗಕ್ಕೆ ಬಂದು ನಿಂತ. ಸೀರೆಯ ಬಣ್ಣ ಯಾವುದೆಂಬುದೂ ಈಗ ಅವನಿಗೆ ತಿಳಿಯಲಿಲ್ಲ. ಅಷ್ಟು ವರ್ಷ ಅವನು ಜೋಪಾನ ಮಾಡಿದ್ದು ಬೈಗುಳವನ್ನು.

"ಗಾಡಿ ತಪ್ಪತೈತ್ರಿ ಸರ," ಎಂದಳು ಅವಳು.

ಫೈಲಿನಲ್ಲಿ ಪೂರ್ತಿ ಕಪ್ಪಾದ ಹಾಳೆ ಎರಡಿದ್ದವು. ಒಂದು ಇವಳದು. ಒಂದು ಗುರುಚರಣರದು. ಒಂದೇ ಅಳತೆ, ಒಂದೇ ಕಾಗದ, ಅಂಚಿನಿಂದ ಅಂಚಿಗೆ ಒಂದೇ ಕಪ್ಪು. ಅವನು ಕಿಟಕಿಯ ಬಳಿ ಹೋಗಿ ಒಂದೊಂದನ್ನೇ ಬೆಳಕಿಗೆ ಹಿಡಿದ. ಒಂದು ಕೆಮ್ಮು ಕಂಡರೂ ಸಾಕಿತ್ತು. ಒಬ್ಬ ಅಣ್ಣ ಕಂಡರೂ ಸಾಕಿತ್ತು. ಯಾವುದೂ ಕಾಣಲಿಲ್ಲ.

ಬೆವೆತ ಬೆರಳಿಗೆ ಮಾರ್ಕರಿನ ಮಸಿ ಹತ್ತಿತು. ಕರವಸ್ತ್ರದಿಂದ ಒರೆಸಿಕೊಂಡು ಮತ್ತೆ ಹಾಳೆ ಹಿಡಿದ. ಮತ್ತೆ ಹತ್ತಿತು. ಇನ್ನೊಂದು ಕೈಗೆ ಬದಲಾಯಿಸಿ, ಇಸ್ತ್ರಿ ಮಾಡಿದ ಶರ್ಟಿಗೇ ಒರೆಸಿ, ಇನ್ನೊಮ್ಮೆ ಬೆಳಕಿಗೆ ಹಿಡಿದ. ಹಿಂದೆ ಹುಡುಗಿ ಕೈ ಚಾಚಿಕೊಂಡು ನಿಂತೇ ಇದ್ದಳು. ಬಣ್ಣ ಬಿಡುತ್ತಲೇ ಇತ್ತು.